ವಿನೋದವೂ ಒಂದು ವಿದ್ಯೆಯಲ್ಲವೆ?

ಹಿಂದಿನ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅಂಗವಾಗಿ ವಾದ್ಯಸಂಗೀತದ ಸ್ಪರ್ಧೆ ನಡೆದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅಂದು ಪಿಟೀಲು, ಕೊಳಲು, ತಬಲಗಳ ಸರದಿ ಮುಗಿದ ಮೇಲೆ ನಮಗಿಂತ ಕೆಳಗಿನ ತರಗತಿಯ ಮಿತ್ರನೊಬ್ಬ ಮೌತ್ ಆರ್ಗನ್ ಹಿಡಿದು ವೇದಿಕೆಗೆ ಬಂದ. ರೈಲು ಸ್ಟೇಷನ್ನು ಬಿಡುವುದು, ಸೇತುವೆ ದಾಟುವುದು, ದೂರದ ತಿರುವಿನಲ್ಲಿ ಸಿಳ್ಳು ಹಾಕುವುದು, ಎಲ್ಲವನ್ನೂ ಆ ಅಂಗೈಯಗಲದ ವಾದ್ಯದಿಂದ ಹೊರಡಿಸಿದ. ಕಾಲ ಬಳಿ ಒಂದು ತಗಡಿನ ಡಬ್ಬಿ. ಅದರ ಮೇಲೆ ಹಿಮ್ಮಡಿಯಿಂದ ತಾಳ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅವನಿಗೇ ಬಂತು. ಆದರೆ ತೀರ್ಪುಗಾರರಲ್ಲೊಬ್ಬರು ಕೊನೆಯಲ್ಲಿ ಎದ್ದು ನಿಂತು, "ಇದು ಸಂಗೀತವಲ್ಲ, ಸರ್ಕಸ್ಸು" ಎಂದರು. ಅವನಿಗೆ ಬಹುಮಾನ ಬರಲಿಲ್ಲ.

ಅಂದು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ತೀರ್ಪನ್ನು ಕೇಳಿ, "ಹೌದು, ತೂಕದ ಮಾತು" ಎಂದು ತಲೆಯಾಡಿಸಿದವನೂ ನಾನೇ. ಈ ಎರಡು ಕೆಲಸಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ. ಅದು ಹೊಳೆದದ್ದು ರಜಾದಿನಗಳಲ್ಲಿ, ಸುಮಾರು ನೂರು ವರ್ಷ ಹಳೆಯದಾದ ಒಂದು ಅಮೆರಿಕನ್ ಕಿರುಚಿತ್ರವನ್ನು ಅಂತರ್ಜಾಲದಲ್ಲಿ ಆಕಸ್ಮಿಕವಾಗಿ ನೋಡಿದಾಗ. ಆ ಚಿತ್ರದ ನಾಯಕ, ನಾಯಕನೆನ್ನಬಹುದಾದರೆ, ಬ್ಯಾಂಜೋ ನುಡಿಸುವ ಒಬ್ಬ ವಿನೋದಗಾರ. ಹೆಸರು ರಾಯ್ ಸ್ಮೆಕ್. ಅವನನ್ನು ನೆಪವಾಗಿಟ್ಟುಕೊಂಡು, ವಿನೋದಕ್ಕಾಗಿ ಮಾಡುವ ಕಲೆಯ ವಿಷಯದಲ್ಲಿ ನಾವು ತಳೆದಿರುವ ಧೋರಣೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಮೊದಲು ಆ ಚಿತ್ರ ಜನರ ಮುಂದೆ ಬಂದ ರಾತ್ರಿಯನ್ನು ನೋಡೋಣ. ೧೯೨೬ನೆಯ ಇಸವಿ ಆಗಸ್ಟ್ ೬ರಂದು ನ್ಯೂಯಾರ್ಕಿನ ವಾರ್ನರ್ ಚಿತ್ರಮಂದಿರದಲ್ಲಿ ‘ಡಾನ್ ವಾನ್’ ಎಂಬ ಚಿತ್ರದ ಪ್ರಥಮ ಪ್ರದರ್ಶನ. ಜಾನ್ ಬ್ಯಾರಿಮೋರ್ ಅದರ ನಾಯಕ ನಟ. ಅದರಲ್ಲಿ ಪಾತ್ರಗಳು ಮಾತನಾಡುವುದಿಲ್ಲ. ಆದರೆ ಚಿತ್ರದುದ್ದಕ್ಕೂ ವಾದ್ಯಗೋಷ್ಠಿಯ ಸಂಗೀತ ಯಂತ್ರದಿಂದಲೇ ಕೇಳಿಬರುತ್ತಿತ್ತು. ‘ವೈಟಾಫೋನ್’ ಎಂಬ ಹೊಸ ವ್ಯವಸ್ಥೆಯ ಫಲ ಅದು. ದೊಡ್ಡ ಚಿತ್ರಕ್ಕೆ ಮುಂಚೆ, ಆ ಯಂತ್ರದ ಶಕ್ತಿಯನ್ನು ತೋರಿಸಲೆಂದೇ ಕೆಲವು ಕಿರುಚಿತ್ರಗಳನ್ನು ಇಟ್ಟಿದ್ದರು. ಮೊದಲು ವಿಲ್ ಹೇಸ್ ಎಂಬ ಗಣ್ಯರ ಭಾಷಣ. ಅನಂತರ ಹೆನ್ರಿ ಹ್ಯಾಡ್ಲಿಯವರ ನೇತೃತ್ವದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಪಿಟೀಲಿನಲ್ಲಿ ಮಿಶಾ ಎಲ್ಮನ್ ಮತ್ತು ಎಫ್ರೆಮ್ ಝಿಂಬಲಿಸ್ಟ್, ಪಿಯಾನೋದಲ್ಲಿ ಹೆರಾಲ್ಡ್ ಬೌವರ್, ಹಾಡುಗಾರಿಕೆಯಲ್ಲಿ ಜಿಯೋವಾನಿ ಮಾರ್ಟಿನೆಲ್ಲಿ, ಮೇರಿಯನ್ ಟ್ಯಾಲಿ, ಆನಾ ಕೇಸ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಘಟಾನುಘಟಿಗಳೆಲ್ಲ ಸಾಲಾಗಿ ನಿಂತಂತಿದ್ದ ಪಟ್ಟಿ ಅದು. ಆ ಪಟ್ಟಿಯ ನಡುವೆ, ಮದುವೆ ಮನೆಯ ಹಿರಿಯರ ಪಂಕ್ತಿಯಲ್ಲಿ ಕೂತ ಹುಡುಗನಂತೆ, ಇಪ್ಪತ್ತಾರು ವರ್ಷದ ರಾಯ್ ಸ್ಮೆಕ್. ಅವನ ಚಿತ್ರದ ಹೆಸರು ‘ಹಿಸ್ ಪಾಸ್‌ಟೈಮ್ಸ್’, ಎಂದರೆ ‘ಅವನ ಹೊತ್ತುಗಳೆಯುವ ಹವ್ಯಾಸಗಳು’. ಮಿಕ್ಕವರದು ಸಂಗೀತ, ಇವನದು ಹವ್ಯಾಸ! ಹೆಸರಿನಲ್ಲೇ ಪಂಕ್ತಿಭೇದವಾಗಿದೆಯೆಂದು ನನಗೆ ತೋರಿತು.

ಆ ಕಿರುಚಿತ್ರದಲ್ಲಿ ಕಥೆಯಿಲ್ಲ, ಮಾತಿಲ್ಲ, ಬೇರೆ ನಟರಿಲ್ಲ. ಚೊಕ್ಕಟವಾಗಿ ಉಡುಪು ಧರಿಸಿದ ಯುವಕ ಕ್ಯಾಮರಾದ ಮುಂದೆ ಬಂದು ಹವಾಯಿ ಗಿಟಾರು, ಯೂಕಲೇಲಿ, ಬ್ಯಾಂಜೋ, ಹೀಗೆ ಒಂದಾದ ಮೇಲೊಂದು ವಾದ್ಯವನ್ನು ನುಡಿಸುತ್ತಾನೆ. ಹತ್ತು ನಿಮಿಷವೂ ಆಗುವುದಿಲ್ಲ, ಮುಗಿದೇ ಹೋಗುತ್ತದೆ. ನಾನು ಮಾತ್ರ ಅದನ್ನು ಒಂದೇ ಕೂರಿನಲ್ಲಿ ನಾಲ್ಕು ಸಲ ನೋಡಿದೆ.

ಈ ಮನುಷ್ಯ ಯಾರು? ರಾಯ್ ಸ್ಮೆಕ್ ಹುಟ್ಟಿದ್ದು ೧೯೦೦ರಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ರೆಡಿಂಗ್ ಎಂಬ ಊರಿನಲ್ಲಿ. ಅವನು ಬೆಳೆದದ್ದು ಅಮೆರಿಕದ ‘ವಾಡ್‌ವಿಲ್’ ರಂಗದ ಮೇಲೆ. ನಮ್ಮ ಕಂಪನಿ ನಾಟಕಗಳಂತೆ ಒಂದೇ ಕಥೆಯನ್ನು ಬೆಳಗಿನ ಜಾವದವರೆಗೆ ನಡೆಸುವ ಪದ್ಧತಿ ಅಲ್ಲಿರಲಿಲ್ಲ. ಒಂದು ಸಂಜೆಗೆ ಎಂಟೊಂಬತ್ತು ಬಗೆಯ ಆಟಗಳು: ಹಾಡು, ಕುಣಿತ, ದೊಂಬರಾಟ, ಹಾಸ್ಯ, ಕಲಿಸಿದ ನಾಯಿಗಳ ಚಮತ್ಕಾರ. ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಜನರನ್ನು ಗೆಲ್ಲಬೇಕು; ಇಲ್ಲವಾದರೆ ಮುಂದಿನ ಊರಿನಲ್ಲಿ ಕೆಲಸವಿಲ್ಲ. ಅಂಥ ರಂಗದಲ್ಲಿ ಸ್ಮೆಕ್ಕನಿಗೆ ಒಂದು ದೊಡ್ಡ ಕೊರತೆಯಿತ್ತು. ಅವನಿಗೆ ಚೆನ್ನಾಗಿ ಹಾಡಲು ಬರುತ್ತಿರಲಿಲ್ಲ. ವಾದ್ಯ ಹಿಡಿದ ವಿನೋದಗಾರನಿಂದ ಹಾಡನ್ನೂ ಬಯಸುತ್ತಿದ್ದ ಕಾಲವದು. ಆ ಕೊರತೆಯನ್ನು ಅವನು ತುಂಬಿಕೊಂಡದ್ದು ಕೈಚಳಕದಿಂದ. ವಾದ್ಯವನ್ನು ತಿರುಗಿಸಿ ನುಡಿಸುವುದು, ಅದರ ಮರದ ಮೈಯನ್ನು ಬೆರಳಿನಿಂದ ತಟ್ಟಿ ನರ್ತಕನ ಪಾದದ ಸದ್ದನ್ನು ಹೊರಡಿಸುವುದು, ನುಡಿಸುತ್ತಲೇ ತಾನೂ ಕುಣಿಯುವುದು ಅವನ ಆಟದ ಭಾಗಗಳಾದವು. ಜನ ಅವನನ್ನು ‘ತಂತಿಗಳ ಮಾಂತ್ರಿಕ’ ಎಂದು ಕರೆದರು. ಬಾಯಿ ಮುಚ್ಚಿದವನು ಕೈಯಿಂದ ಮಾತನಾಡಿದನೆನ್ನಬೇಕು.

ಇಲ್ಲಿ ವಾದ್ಯದ ವಿಷಯ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಬ್ಯಾಂಜೋ ಎಂದೊಡನೆ ಮೆರವಣಿಗೆಗಳಲ್ಲಿಯೂ ಭಜನೆಗಳಲ್ಲಿಯೂ ಕಾಣುವ, ಗುಂಡಿ ಒತ್ತಿ ನುಡಿಸುವ ಉದ್ದನೆಯ ಪೆಟ್ಟಿಗೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಅದು ಬುಲ್‌ಬುಲ್ ತರಂಗ. ಜಪಾನಿನ ‘ತೈಶೋಗೋಟೊ’ ಎಂಬ ವಾದ್ಯದ ಸಂತಾನ. ಅಮೆರಿಕದ ಬ್ಯಾಂಜೋ ಬೇರೆಯೇ. ಒಂದು ದುಂಡನೆಯ ಬಳೆ, ಅದರ ಮೇಲೆ ತಮಟೆಯಂತೆ ಬಿಗಿದ ಕರುವಿನ ಚರ್ಮ, ಅದರಿಂದ ಹೊರಟ ಉದ್ದನೆಯ ಕುತ್ತಿಗೆ, ಚರ್ಮದ ಮೇಲೆಯೇ ನಿಂತ ಪುಟ್ಟ ಕುದುರೆ, ಅದರ ಮೇಲೆ ಹಾಯ್ದ ತಂತಿಗಳು. ಅರ್ಧ ವೀಣೆ, ಅರ್ಧ ತಮಟೆ ಎಂದರೆ ತಪ್ಪಾಗಲಾರದು. ಹಗುರವಾದ ಚರ್ಮ ತಂತಿಯ ಮಿಡಿತವನ್ನು ತಟ್ಟನೆ ಹಿಡಿದು ಗಟ್ಟಿಯಾಗಿ ಹೊರಗೆಸೆಯುತ್ತದೆ. ಅಷ್ಟೇ ಬೇಗ ಆ ನಾದ ಸತ್ತೂ ಹೋಗುತ್ತದೆ. ವೀಣೆಯಲ್ಲಿ ಒಂದು ಮೀಟು ಮೀಟಿ ಅದರ ಅನುರಣನದ ಮೇಲೆ ಗಮಕ ಬಿಡಿಸುತ್ತ ಕೂರುವ ಸೌಕರ್ಯ ಇಲ್ಲಿಲ್ಲ. ನಾದ ನಿಲ್ಲಬೇಕಾದರೆ ಬೆರಳು ನಿಲ್ಲಬಾರದು. ಬ್ಯಾಂಜೋಗಾರನ ವೇಗ ಬರಿಯ ಜಂಬವಲ್ಲ, ಆ ವಾದ್ಯದ ಪ್ರಕೃತಿಯೇ ಅದನ್ನು ಬೇಡುತ್ತದೆ. ಇದು ತಿಳಿಯದೆ, "ಇವನೇಕೆ ಇಷ್ಟು ಅವಸರ ಮಾಡುತ್ತಾನೆ?" ಎಂದು ಕೇಳುವುದು, ಮೃದಂಗದವನನ್ನು "ನೀನೇಕೆ ಹೊಡೆಯುತ್ತೀಯೆ?" ಎಂದು ಕೇಳಿದಂತೆ.

ಗಟ್ಟಿಯಾದ ದನಿಗೆ ಆ ಕಾಲದಲ್ಲಿ ಇನ್ನೊಂದು ಬೆಲೆಯಿತ್ತು. ಸಭಾಂಗಣಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ನಮ್ಮ ಮೈಸೂರಿನ ಟಿ. ಚೌಡಯ್ಯನವರು ೧೯೨೦ರ ದಶಕದಲ್ಲಿಯೇ ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದದ್ದು, ಹಿಂದಿನ ಸಾಲಿನಲ್ಲಿ ಕೂತವನಿಗೂ ಕೇಳಲೆಂಬ ಉದ್ದೇಶದಿಂದ. ಅಮೆರಿಕದ ಜ್ಯಾಸ್ ಮೇಳಗಳಲ್ಲಿ ಕಹಳೆಗಳ ಅಬ್ಬರವನ್ನು ಮೀರಿ ಕೇಳಬಲ್ಲ ತಂತಿವಾದ್ಯ ಬೇಕಾಗಿತ್ತು. ಆ ಸ್ಥಾನಕ್ಕೆ ನಾಲ್ಕು ತಂತಿಯ ಬ್ಯಾಂಜೋ ಬಂತು. ಸಮುದ್ರದ ಈಚೆ ದಡದಲ್ಲಿಯೂ ಆಚೆ ದಡದಲ್ಲಿಯೂ ಕಲಾವಿದರ ತೊಡಕು ಒಂದೇ ಆಗಿತ್ತು; ಉಪಾಯ ಮಾತ್ರ ಬೇರೆ.

ಈ ವಾದ್ಯದ ಕಥೆಯಲ್ಲಿ ನಗಲಾಗದ ಒಂದು ಅಧ್ಯಾಯವೂ ಇದೆ. ಬ್ಯಾಂಜೋ ಅಮೆರಿಕದ ಬಿಳಿಯರ ಸೃಷ್ಟಿಯಲ್ಲ. ಗುಲಾಮರಾಗಿ ಹಡಗುಗಳಲ್ಲಿ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕದ ಜನ ತಮ್ಮ ನೆನಪಿನಲ್ಲಿ ಕೊಂಡೊಯ್ದ ಸೋರೆಬುರುಡೆಯ ವಾದ್ಯಗಳಿಂದ ಹುಟ್ಟಿದ್ದು ಅದು. ಸೆನೆಗಲ್, ಗ್ಯಾಂಬಿಯಾ ಪ್ರದೇಶದ ಜೋಲಾ ಜನರ ‘ಅಕೋಂಟಿಂಗ್’ ಎಂಬ ವಾದ್ಯ ಇಂದಿಗೂ ಆ ನಂಟನ್ನು ತೋರಿಸುತ್ತದೆ. ೧೮೪೦ರ ದಶಕದಿಂದ ಬಿಳಿಯ ಆಟಗಾರರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯ ಜನರನ್ನು ಅಣಕಿಸುತ್ತ ಇದೇ ವಾದ್ಯವನ್ನು ನುಡಿಸಿದರು. ಅದನ್ನು ನೋಡಿ ದೇಶವೆಲ್ಲ ನಕ್ಕಿತು. ವಾದ್ಯ ಕೊಟ್ಟವರಿಗೆ ಅಪಹಾಸ್ಯ, ಎತ್ತಿಕೊಂಡವರಿಗೆ ಕಾಸು. ಸ್ಮೆಕ್ಕನ ಕಾಲದ ಕಿರುಚಿತ್ರಗಳಲ್ಲಿಯೂ ಬ್ಯಾಂಜೋ ಹಿಡಿದು ಮೆರೆದವರು ಬಹುಮಟ್ಟಿಗೆ ಬಿಳಿಯರೇ. ಸ್ಮೆಕ್ಕನನ್ನು ಹೊಗಳುವವನು ಇದನ್ನು ಮರೆಯಬಾರದು. ವಿನೋದವೆಂದರೆ ಯಾವಾಗಲೂ ನಿರ್ದೋಷಿ ಎಂದು ನಾನು ವಾದಿಸುವುದಿಲ್ಲ. ಯಾರ ಖರ್ಚಿನಲ್ಲಿ ನಗುತ್ತಿದ್ದೇವೆ ಎಂದು ಕೇಳಲೇಬೇಕು. ಆದರೆ ‘ಹಿಸ್ ಪಾಸ್‌ಟೈಮ್ಸ್’ ಚಿತ್ರದಲ್ಲಿ ಯಾರ ಅಣಕವೂ ಇಲ್ಲ. ಅಲ್ಲಿರುವುದು ಒಬ್ಬ ಮನುಷ್ಯ, ಅವನ ವಾದ್ಯಗಳು, ಅವನ ಕೌಶಲ.

ಈಗ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇನೆ. ಇವೆಲ್ಲ ಗಾರುಡಿ, ಸಂಗೀತವಲ್ಲ. ಸಂಗೀತ ಹೃದಯವನ್ನು ಮುಟ್ಟಬೇಕು, ಗಾರುಡಿ ಕಣ್ಣನ್ನು ಕಟ್ಟುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇದು ಆಕ್ಷೇಪಣೆ. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸ್ಮೆಕ್ಕನ ವಾದನದಲ್ಲಿಯೂ ಕೆಲವೆಡೆ ಭಾವ ಹಿಂದೆ ಬಿದ್ದು ವೇಗ ಮುಂದೋಡುತ್ತದೆ. ಎಲ್ಮನ್ನರ ಪಿಟೀಲನ್ನು ಕೇಳಿ ಉಂಟಾಗುವ ಮೌನ ಇವನ ಬ್ಯಾಂಜೋವಿನಿಂದ ಉಂಟಾಗುವುದಿಲ್ಲ. ಒಪ್ಪಿದೆ. ಆದರೆ ಹೋಳಿಗೆಯ ರುಚಿ ಉಪ್ಪಿನಕಾಯಿಯಲ್ಲಿಲ್ಲವೆಂದು ಉಪ್ಪಿನಕಾಯಿ ಹಾಕುವುದು ವಿದ್ಯೆಯೇ ಅಲ್ಲವೆನ್ನಬಹುದೆ?

ನನ್ನ ಉತ್ತರ ಮೂರು ಬಗೆಯದು.

ಮೊದಲನೆಯದಾಗಿ, ಚಮತ್ಕಾರ ನಿಲ್ಲುವುದು ಸಾಧನೆಯ ಮೇಲೆ. ನೆಟ್ಟಗೆ ಹಿಡಿದು ಶುದ್ಧವಾಗಿ ನುಡಿಸಲಾರದವನು ತಲೆಕೆಳಗಾಗಿ ಹಿಡಿದು ನುಡಿಸಲಾರ. ನಮ್ಮ ಯಕ್ಷಗಾನದ ಹಾಸ್ಯಗಾರನ ಮಾತು ತೆಗೆದುಕೊಳ್ಳಿ. ಎಲ್ಲ ಪಾತ್ರಗಳ ನಡೆಯನ್ನೂ ಬಲ್ಲವನು ಮಾತ್ರ ಒಳ್ಳೆಯ ಹಾಸ್ಯಗಾರನಾಗಬಲ್ಲನೆಂದು ಆ ಕಲೆಯನ್ನು ಬಲ್ಲವರು ಹೇಳುತ್ತಾರೆ. ತಾಳ ತಪ್ಪಿದಂತೆ ಕುಣಿದು ನಗಿಸುವವನಿಗೆ ತಾಳ ಎಲ್ಲಿದೆಯೆಂಬುದು ಮಿಕ್ಕವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಸ್ಮೆಕ್ ಬರಿಯ ಆಟಗಾರನಾಗಿದ್ದರೆ ಅವನ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಧ್ವನಿಮುದ್ರಣಗಳು ಉಳಿಯುತ್ತಿರಲಿಲ್ಲ. ಗ್ರಾಮೊಫೋನ್ ತಟ್ಟೆಯಲ್ಲಿ ಕುಣಿತ ಕಾಣುವುದಿಲ್ಲ, ನಾದ ಮಾತ್ರ ಕೇಳುತ್ತದೆ. ಅದಲ್ಲದೆ ಅವನು ತಾನು ನುಡಿಸುವ ವಾದ್ಯಗಳಿಗೆ ಪಾಠಪುಸ್ತಕಗಳನ್ನು ಬರೆದ. ಕಲಿಸಲು ಬರುವುದು ವಿದ್ಯೆಯಲ್ಲದೆ ಮತ್ತೇನು?

ಎರಡನೆಯದಾಗಿ, ಆ ಕಿರುಚಿತ್ರಗಳಲ್ಲಿ ಮೋಸಕ್ಕೆ ಎಡೆಯಿರಲಿಲ್ಲ. ವೈಟಾಫೋನಿನ ಕ್ರಮ ಹೀಗಿತ್ತು. ಚಿತ್ರ ಒಂದು ಸುರುಳಿಯಲ್ಲಿ, ದನಿ ಹದಿನಾರು ಅಂಗುಲ ವ್ಯಾಸದ ಒಂದು ತಟ್ಟೆಯಲ್ಲಿ. ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತಿತ್ತು. ಮುಳ್ಳು ಒಳಗಿನಿಂದ ಹೊರಕ್ಕೆ ಸಾಗುತ್ತಿತ್ತು. ಸಾವಿರ ಅಡಿಯ ಒಂದು ಸುರುಳಿಗೆ ಒಂದು ತಟ್ಟೆ, ಸುಮಾರು ಹನ್ನೊಂದು ನಿಮಿಷ. ಮುದ್ರಿಸುವಾಗ ದನಿ ನೇರವಾಗಿ ಮೇಣದ ಅಚ್ಚಿನ ಮೇಲೆ ಕೊರೆಯಲ್ಪಡುತ್ತಿದ್ದುದರಿಂದ, ತಪ್ಪಿದ ಸ್ವರವನ್ನು ಕತ್ತರಿಸಿ ಸರಿಯಾದುದನ್ನು ಅಂಟಿಸುವಂತಿರಲಿಲ್ಲ. ಒಂದು ಕಡೆ ತಪ್ಪಿದರೆ ಮೊದಲಿನಿಂದ ನುಡಿಸಬೇಕು. ಇಂದು ತುಣುಕು ತುಣುಕಾಗಿ ಹಾಡಿಸಿ, ಯಂತ್ರದಿಂದ ಶ್ರುತಿ ತಿದ್ದಿಸಿ, ಅದನ್ನು ಗಾನವೆಂದು ಕೇಳುವ ನಾವು, ಒಂದೇ ಉಸಿರಿನಲ್ಲಿ ಅಷ್ಟು ನಿಮಿಷ ನುಡಿಸಿ ಎದ್ದವನನ್ನು ಗಾರುಡಿಗನೆನ್ನುವುದು ವಿಚಿತ್ರ! ನಿಜ, ೧೯೩೩ರ ‘ದಟ್ ಗೋಸ್ ಡಬಲ್’ ಎಂಬ ಕಿರುಚಿತ್ರದಲ್ಲಿ ತೆರೆಯನ್ನು ನಾಲ್ಕು ಪಾಲು ಮಾಡಿ, ನಾಲ್ಕರಲ್ಲಿಯೂ ಸ್ಮೆಕ್ಕನೇ ನಾಲ್ಕು ವಾದ್ಯಗಳನ್ನು ಏಕಕಾಲಕ್ಕೆ ನುಡಿಸುವಂತೆ ತೋರಿಸಿದ್ದಾರೆ. ಅದು ಕ್ಯಾಮರಾದ ಗಾರುಡಿಯೇ. ಆದರೆ ನಾಲ್ಕು ಪಾಲನ್ನೂ ನುಡಿಸಬಲ್ಲ ಒಬ್ಬನಿದ್ದುದರಿಂದ ಅಲ್ಲವೆ ಆ ಉಪಾಯ ಹೊಳೆದದ್ದು?

ಮೂರನೆಯದಾಗಿ, ಹೊಸ ಯಂತ್ರ ತನ್ನನ್ನು ತಾನು ನಂಬಿಸಿಕೊಳ್ಳಲು ಇಂಥ ವಿನೋದಗಾರರು ಬಹಳ ನೆರವಾದರೆಂದು ನನ್ನ ಅಭಿಪ್ರಾಯ. ಯೋಚಿಸಿ ನೋಡಿ. ಗಾಯಕನ ಗಂಟಲಿನೊಳಗೆ ನಡೆಯುವುದು ನಮಗೆ ಕಾಣುವುದಿಲ್ಲ. ಬ್ಯಾಂಜೋ ಮೀಟುವವನ ಕೈಯಾದರೆ ಒಂದೊಂದು ಪೆಟ್ಟಿನಲ್ಲಿಯೂ ಕಾಣುತ್ತದೆ. ಒಂದೊಂದು ಪೆಟ್ಟಿನ ದನಿಯೂ ಬಿಡಿಯಾಗಿ ಕೇಳುತ್ತದೆ. ಕೈಗೂ ದನಿಗೂ ಕೂದಲೆಳೆಯಷ್ಟು ಅಂತರ ಬಂದರೂ ಆಟ ಕೆಡುತ್ತದೆ. ಅಂತರವಿಲ್ಲದೆ ಅದು ಸಾಗಿದಾಗ ತೆರೆಯ ಮೇಲಿನ ನೆರಳು ಮನುಷ್ಯನಾಗುತ್ತದೆ. ಸ್ಮೆಕ್ಕನ ಬೆರಳುಗಳು ಮಾಡಿದ್ದು ಆ ಕೆಲಸವನ್ನು. ಚಿತ್ರಮಂದಿರದ ಕೊನೆಯ ಸಾಲಿನವನೂ ಹತ್ತಿರ ಕೂತು ನೋಡುವಂತೆ ಅವನ ಕೈಯನ್ನು ನೋಡಿದ. ರಂಗದ ಮೇಲೆ ಅದು ಸಾಧ್ಯವಿರಲಿಲ್ಲ, ಗ್ರಾಮೊಫೋನಿನಲ್ಲಿ ಮೊದಲೇ ಇಲ್ಲ.

ಆ ಚಿತ್ರದಿಂದ ಸ್ಮೆಕ್ಕನ ಹೆಸರು ದೂರದವರೆಗೂ ಹಬ್ಬಿತು. ೧೯೩೩ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಪದಗ್ರಹಣದ ಔತಣಕೂಟದಲ್ಲಿ ಅವನು ನುಡಿಸಿದ. ೧೯೩೭ರಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಂದರ್ಭದಲ್ಲಿಯೂ ನುಡಿಸಿದ. ಅವನೊಬ್ಬನೇ ಅಲ್ಲ, ಎಡ್ಡಿ ಪೀಬಾಡಿ ಎಂಬ ಇನ್ನೊಬ್ಬ ಬ್ಯಾಂಜೋ ವೀರನೂ ವೈಟಾಫೋನ್ ಕಿರುಚಿತ್ರಗಳಲ್ಲಿ ಮೆರೆದ. ತಮಾಷೆಯೆಂದರೆ ಅವನು ಹುಟ್ಟಿದ ಊರಿನ ಹೆಸರೂ ರೆಡಿಂಗ್. ಆದರೆ ಅದು ಮ್ಯಾಸಚೂಸೆಟ್ಸ್ ಪ್ರಾಂತದ ರೆಡಿಂಗ್.

ಇಷ್ಟರವರೆಗೆ ಇದು ಗೆಲುವಿನ ಕಥೆ. ಆದರೆ ಇದರೊಳಗೆ ಒಂದು ಸೋಲು ಅಡಗಿದೆ. ಅದನ್ನು ಹೇಳದಿದ್ದರೆ ವಿಷಯಕ್ಕೆ ನ್ಯಾಯವಾಗದು.

ವಾಡ್‌ವಿಲ್ ರಂಗದ ಆಟಗಾರ ಒಂದು ಹದಿನೈದು ನಿಮಿಷದ ಆಟವನ್ನು ಕಟ್ಟಿದರೆ ಊರಿಂದೂರಿಗೆ ಹೋಗಿ ಅದನ್ನೇ ಆಡುತ್ತ ವರ್ಷಗಟ್ಟಲೆ ಜೀವನ ಮಾಡಬಹುದಾಗಿತ್ತು. ಅದೇ ಆಟ ಚಿತ್ರವಾದರೆ ಕೆಲವೇ ದಿನಗಳಲ್ಲಿ ದೇಶವೆಲ್ಲ ನೋಡಿ ಮುಗಿಸುತ್ತಿತ್ತು. ಆಮೇಲೆ ಆಟಗಾರ ಆ ಊರಿಗೆ ಸ್ವತಃ ಹೋದರೆ, "ಇದನ್ನು ನೋಡಿಯಾಗಿದೆ" ಎನ್ನುತ್ತಿದ್ದರು. ಅತ್ತ ಮೂಕಚಿತ್ರಗಳಿಗೆ ಹಿನ್ನೆಲೆ ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡರು. ೧೯೩೦ರ ಹೊತ್ತಿಗೆ ಅವರ ಸಂಘ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಡಬ್ಬಿಯಲ್ಲಿ ತುಂಬಿದ ಸಂಗೀತ ಬೇಡವೆಂದು ಜನರನ್ನು ಬೇಡಿಕೊಂಡಿತು. ಫಲವಾಗಲಿಲ್ಲ. ವಾಡ್‌ವಿಲ್ಲಿನ ಸಿಂಹಾಸನವೆನಿಸಿದ್ದ ನ್ಯೂಯಾರ್ಕಿನ ಪ್ಯಾಲೆಸ್ ರಂಗಮಂದಿರವೂ ೧೯೩೨ರಲ್ಲಿ ಸಿನಿಮಾಕ್ಕೆ ದಾರಿ ಬಿಟ್ಟಿತು.

ಬ್ಯಾಂಜೋವಿನ ಗತಿಯೂ ಹಾಗೆಯೇ. ವಿದ್ಯುತ್ತಿನಿಂದ ದನಿಯನ್ನು ಹಿಡಿಯುವ ಮೈಕ್ರೋಫೋನು ೧೯೨೫ರಿಂದ ಧ್ವನಿಮುದ್ರಣಕ್ಕೆ ಬಂತು. ವೈಟಾಫೋನ್ ನಿಂತದ್ದೂ ಅದರ ಮೇಲೆಯೇ. ಮೈಕ್ರೋಫೋನಿಗೆ ಗಟ್ಟಿ ದನಿ ಬೇಕಾಗಿಲ್ಲ. ಗಿಟಾರಿನ ಮೆಲುದನಿಯನ್ನೂ ಅದು ಹಿಡಿಯುತ್ತದೆ. ಗದ್ದಲವನ್ನು ಮೀರಲೆಂದು ಬ್ಯಾಂಜೋವನ್ನು ಇಟ್ಟುಕೊಂಡಿದ್ದ ಮೇಳಗಳು ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಬಿಟ್ಟು ಗಿಟಾರನ್ನು ಹಿಡಿದವು. ಯಾವ ಸಾಧನ ಸ್ಮೆಕ್ಕನ ಬ್ಯಾಂಜೋವನ್ನು ನಮಗಾಗಿ ಉಳಿಸಿತೋ ಅದೇ ಸಾಧನ ಬ್ಯಾಂಜೋವನ್ನು ಬೀದಿಗೆ ತಂದಿತು! ಮುಂದೆ ೧೯೪೫ರ ಸುಮಾರಿಗೆ ಅರ್ಲ್ ಸ್ಕ್ರಗ್ಸ್ ಎಂಬವನು ಐದು ತಂತಿಯ ಬ್ಯಾಂಜೋವನ್ನು ಮೂರು ಬೆರಳಿನಿಂದ ನುಡಿಸುವ ತನ್ನ ಶೈಲಿಯಿಂದ ಅದಕ್ಕೆ ಮತ್ತೆ ಮಾನ ತಂದ. ಅದು ಬೇರೆ ಕಥೆ. ಸ್ಮೆಕ್ ಹಲವು ವಾದ್ಯಗಳನ್ನು ಬಲ್ಲವನಾದ್ದರಿಂದ ಗಿಟಾರನ್ನು ಹಿಡಿದು ಬದುಕಿದ. ಇಳಿವಯಸ್ಸಿನಲ್ಲಿ ಶಿಷ್ಯರಿಗೆ ಪಾಠ ಹೇಳಿದ. ಅವನನ್ನು ಕುರಿತು ತೆಗೆದ ‘ದಿ ವಿಝರ್ಡ್ ಆಫ್ ದ ಸ್ಟ್ರಿಂಗ್ಸ್’ ಎಂಬ ಚಿಕ್ಕ ಸಾಕ್ಷ್ಯಚಿತ್ರ ೧೯೮೫ರ ಸಾಲಿನ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತು. ೧೯೯೪ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಆ ಕಿರುಚಿತ್ರಗಳೂ ಸುಮ್ಮನೆ ಉಳಿದು ಬರಲಿಲ್ಲ. ಚಿತ್ರ ಒಂದು ಕಡೆ, ದನಿಯ ತಟ್ಟೆ ಇನ್ನೊಂದು ಕಡೆ ಇದ್ದುದರಿಂದ ಕಾಲಕ್ರಮದಲ್ಲಿ ಜೋಡಿಗಳು ಅಗಲಿದವು. ಎಲ್ಲಿಯೋ ದೇಹವಿದೆ, ದನಿಯಿಲ್ಲ. ಎಲ್ಲಿಯೋ ದನಿಯಿದೆ, ದೇಹವಿಲ್ಲ. ೧೯೯೧ರಲ್ಲಿ ಅಮೆರಿಕದ ಕೆಲವು ಹವ್ಯಾಸಿ ಸಂಗ್ರಾಹಕರು ‘ವೈಟಾಫೋನ್ ಪ್ರಾಜೆಕ್ಟ್’ ಎಂಬ ಕೂಟ ಕಟ್ಟಿಕೊಂಡು, ಅಟ್ಟಗಳಲ್ಲಿಯೂ ನೆಲಮಾಳಿಗೆಗಳಲ್ಲಿಯೂ ಬಿದ್ದಿದ್ದ ತಟ್ಟೆಗಳನ್ನು ಹುಡುಕಿ, ದೊಡ್ಡ ಸಂಗ್ರಹಾಲಯಗಳಲ್ಲಿದ್ದ ಮೂಕ ಸುರುಳಿಗಳಿಗೆ ಜೊತೆಗೂಡಿಸತೊಡಗಿದರು. ಅವರು ಹುಡುಕಿದ್ದು ಮಹಾಕಾವ್ಯಗಳನ್ನಲ್ಲ. ಹಾಸ್ಯಗಾರರ, ಕುಣಿಯುವವರ, ಬ್ಯಾಂಜೋ ಮೀಟುವವರ ಹತ್ತು ಹತ್ತು ನಿಮಿಷದ ಆಟಗಳನ್ನು. "ಇದು ಸರ್ಕಸ್ಸು" ಎಂದು ಅವರೂ ಕೈಬಿಟ್ಟಿದ್ದರೆ ಒಂದು ಕಾಲದ ಜನ ಏತಕ್ಕೆ ನಕ್ಕರು, ಯಾರನ್ನು ಮೆಚ್ಚಿದರು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮ ಸ್ಥಿತಿಯನ್ನು ನೋಡಿಕೊಳ್ಳೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು ೧೯೩೪ರಲ್ಲಿ. ಎಂ. ವಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮೊದಲಾದ ರಂಗಭೂಮಿಯ ಕಲಾವಿದರು ಅದರಲ್ಲಿ ಹಾಡಿದರು, ಮಾತನಾಡಿದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಮೊದಲ ವಾಕ್ಚಿತ್ರದ ಗತಿಯೇ ಇದಾದರೆ, ಜಾತ್ರೆಯ ಮೂಲೆಯಲ್ಲಿ ನಗಿಸಿ ಹೋದ ಹಗಲುವೇಷದವರ, ಕಂಪನಿ ನಾಟಕದ ನಡುವಣ ಪ್ರಹಸನದಲ್ಲಿ ಬಂದು ಹೋದ ಹಾಸ್ಯನಟರ ಮಾತೇನು? ಗಂಭೀರವಾದುದನ್ನೇ ಕಾಪಾಡದ ನಾವು ವಿನೋದವನ್ನು ಕಾಪಾಡುವುದುಂಟೆ ಎಂದು ಯಾರಾದರೂ ಕೇಳಬಹುದು. ನಾನು ತಿರುಗಿಸಿ ಕೇಳುತ್ತೇನೆ: ಕಾಲಕ್ಷೇಪದ ವಸ್ತುವೆಂದು ಆಗಿನವರು ಸಿನಿಮಾವನ್ನು ಹಗುರವಾಗಿ ಕಂಡದ್ದರಿಂದಲೂ ಅಲ್ಲವೆ ಅದು ಹಾಳಾದದ್ದು?

ಆದ್ದರಿಂದ ನಮ್ಮ ಗುರುವೃಂದದಲ್ಲಿಯೂ ವಿದ್ಯಾರ್ಥಿ ಮಿತ್ರರಲ್ಲಿಯೂ ನನ್ನ ಬಿನ್ನಹ ಎರಡು. ವಾರ್ಷಿಕೋತ್ಸವದ ಸ್ಪರ್ಧೆಗಳಲ್ಲಿ ಶಾಸ್ತ್ರೀಯ ಸಂಗೀತದ ಪಕ್ಕದಲ್ಲಿ ವಿನೋದ ವಾದನಕ್ಕೂ ಒಂದು ವಿಭಾಗವಿರಲಿ. ರಾಗದ ಅಳತೆಗೋಲಿನಿಂದ ರೈಲಿನ ಸಿಳ್ಳನ್ನು ಅಳೆಯುವುದು ಬೇಡ. ಅದಕ್ಕೆ ಅದರದೇ ಅಳತೆಯಿರಲಿ. ಶುದ್ಧಿ, ಲಯ, ಹೊಸತನ, ಸಭೆಯನ್ನು ಹಿಡಿದಿಡುವ ಶಕ್ತಿ, ಯಾರನ್ನೂ ಹೀಯಾಳಿಸದ ಸಭ್ಯತೆ. ಈ ಐದರಲ್ಲಿ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ, ಸಾಲದಿದ್ದರೆ ಬಹುಮಾನ ಕೊಡಬೇಡಿ. ಎರಡನೆಯದಾಗಿ, ಅಂದಿನ ಕಾರ್ಯಕ್ರಮಗಳನ್ನು ಚಿತ್ರೀಕರಿಸಿ ಗ್ರಂಥಾಲಯದಲ್ಲಿ ಇಡುವ ಏರ್ಪಾಡಾಗಲಿ. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಆದರೆ ಎಲ್ಲರೂ ತೆಗೆದದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಮೌತ್ ಆರ್ಗನ್ನಿನ ಆ ಐದು ನಿಮಿಷವನ್ನು ಅಂದು ಕಡಿಮೆಯೆಂದರೆ ಇಪ್ಪತ್ತು ಮಂದಿ ತಮ್ಮ ಫೋನುಗಳಲ್ಲಿ ಹಿಡಿದರು. ಈ ಲೇಖನಕ್ಕಾಗಿ ನಾನು ಕೇಳಿದಾಗ ಒಬ್ಬರ ಬಳಿಯೂ ಅದು ಉಳಿದಿರಲಿಲ್ಲ.

ಕೊನೆಗೆ ಆ ಮಿತ್ರನನ್ನೇ ಹುಡುಕಿಕೊಂಡು ಹಾಸ್ಟೆಲಿಗೆ ಹೋದೆ. ಸ್ಮೆಕ್ಕನ ಚಿತ್ರವನ್ನು ತೋರಿಸಿದೆ. ಮಾತಿಲ್ಲದೆ ಕೊನೆಯವರೆಗೂ ನೋಡಿ, ಮೊದಲಿನಿಂದ ಇನ್ನೊಮ್ಮೆ ಹಾಕೆಂದ. ಮೌತ್ ಆರ್ಗನ್ ಎಲ್ಲಿ ಎಂದು ಕೇಳಿದೆ. ಟ್ರಂಕಿನ ತಳದಲ್ಲಿದೆ, ಆ ದಿನದಿಂದ ತೆಗೆದಿಲ್ಲವೆಂದ. ತೀರ್ಪುಗಾರರ ಮಾತಿಗೆ ಬೇಸರವಾಯಿತೆ ಎಂದು ಕೇಳಿದ್ದಕ್ಕೆ, "ಅವರು ಅಂದದ್ದಕ್ಕೆ ಅಲ್ಲಣ್ಣಾ, ಚಪ್ಪಾಳೆ ಹೊಡೆದ ನೀವೆಲ್ಲರೂ ಆಮೇಲೆ ಸುಮ್ಮನಾದಿರಲ್ಲ, ಅದಕ್ಕೆ" ಎಂದ.

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ತಡವಾಗಿಯಾದರೂ ಕೊಡಬೇಕೆಂದು ಇಷ್ಟನ್ನು ಬರೆದಿದ್ದೇನೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ